ಉಪ್ಪುನೀರಿನ ಈಜುಕೊಳದ ರಾಸಾಯನಿಕ ಸಮತೋಲನ

ಉಪ್ಪುನೀರಿನ ಈಜುಕೊಳದ ರಾಸಾಯನಿಕ ಸಮತೋಲನವೆಂದರೆ, ಕೊಳದ ನೀರಿನಲ್ಲಿರುವ ಕ್ಲೋರಿನ್, ಪಿಎಚ್, ಕ್ಷಾರೀಯತೆ, ಗಡಸುತನ, ಸ್ಥಿರಕಾರಕ ಮತ್ತು ಉಪ್ಪಿನ ಪ್ರಮಾಣಗಳನ್ನು ಈಜುವವರಿಗೂ ಕೊಳದ ಗೋಡೆ ಹಾಗೂ ಯಂತ್ರಗಳಿಗೂ ಹಾನಿಯಾಗದಂತೆ ಕಾಯ್ದುಕೊಳ್ಳುವ ಕ್ರಮ. ಮನೆಬಳಕೆಯ ಇಂತಹ ಕೊಳಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಉಪ್ಪುನೀರಿನ ಕೊಳದಲ್ಲಿ ಕ್ಲೋರಿನ್ ಇರುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಇಲ್ಲಿ ಉಪ್ಪು ಕ್ರಿಮಿನಾಶಕವಲ್ಲ. ಕ್ಲೋರಿನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತು. ಯಂತ್ರವು ಕ್ಲೋರಿನ್ನನ್ನು ತಯಾರಿಸುತ್ತದೆಯೇ ಹೊರತು, ಅದು ಪರಿಣಾಮಕಾರಿಯಾಗಲು ಅಗತ್ಯವಾದ ನೀರಿನ ಸ್ಥಿತಿಯನ್ನು ಕಾಪಾಡುವುದಿಲ್ಲ. ಆ ಹೊಣೆ ಕೊಳದ ಒಡೆಯರದು.

ಕಾರ್ಯವಿಧಾನ

ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಈಜುಕೊಳದ ಅನೇಕ ಯಂತ್ರಗಳಿಗೆ ಲೀಟರಿಗೆ ಸುಮಾರು 3 ಗ್ರಾಂ ಸಾಕು. ಸೋಸಿದ ನೀರು ವಿದ್ಯುತ್ ಕೋಶದ ಮೂಲಕ ಹರಿಯುವಾಗ ಧನಾಗ್ರದಲ್ಲಿ ಕ್ಲೋರಿನ್ ಉಂಟಾಗುತ್ತದೆ. ಋಣಾಗ್ರದಲ್ಲಿ ಹೈಡ್ರೋಜನ್ ಅನಿಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಉಂಟಾಗುತ್ತವೆ. ಕ್ಲೋರಿನ್ ನೀರಿನಲ್ಲಿ ಕರಗಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಸೂಕ್ಷ್ಮಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಈ ಆಮ್ಲವೇ.

ಕೆಲಸ ಮುಗಿಸಿದ ಕ್ಲೋರಿನ್ ಮತ್ತೆ ಕ್ಲೋರೈಡ್ ಆಗಿ ನೀರಿನಲ್ಲೇ ಉಳಿಯುವುದರಿಂದ ಉಪ್ಪು ಖರ್ಚಾಗುವುದಿಲ್ಲ. ನೀರು ಆವಿಯಾದಾಗಲೂ ಉಪ್ಪು ಹಿಂದುಳಿಯುತ್ತದೆ. ಕೊಳ ತುಂಬಿ ಹರಿದಾಗ, ನೀರು ಹೊರಚೆಲ್ಲಿದಾಗ ಅಥವಾ ಸೋಸುಯಂತ್ರವನ್ನು ತೊಳೆದಾಗ ಮಾತ್ರ ಅದು ನಷ್ಟವಾಗುತ್ತದೆ.

ಸಾಮಾನ್ಯ ಮಿತಿಗಳು

ಪಿಎಚ್ ಹೊರತಾಗಿ ಉಳಿದ ಅಳತೆಗಳು ಲೀಟರಿಗೆ ಮಿಲಿಗ್ರಾಂಗಳಲ್ಲಿವೆ. ಉಪ್ಪಿನ ವಿಷಯದಲ್ಲಿ ಯಂತ್ರದ ಕೈಪಿಡಿಯ ಸೂಚನೆಯೇ ಅಂತಿಮ.

- ಮುಕ್ತ ಕ್ಲೋರಿನ್: 2–4
- ಪಿಎಚ್: 7.2–7.8
- ಒಟ್ಟು ಕ್ಷಾರೀಯತೆ: 60–80
- ಕ್ಯಾಲ್ಸಿಯಂ ಗಡಸುತನ: 200–400
- ಸಯನ್ಯೂರಿಕ್ ಆಮ್ಲ: 60–80
- ಉಪ್ಪು: 2,700–3,400

ಮುಕ್ತ ಕ್ಲೋರಿನ್ ಮತ್ತು ಪಿಎಚ್‌ಗಳನ್ನು ವಾರಕ್ಕೆ ಎರಡು ಬಾರಿಯಾದರೂ, ಉಳಿದವುಗಳನ್ನು ತಿಂಗಳಿಗೊಮ್ಮೆ ಅಳೆಯುವುದು ವಾಡಿಕೆ.

ಪಿಎಚ್ ಏರಿಕೆ

ಉಪ್ಪುನೀರಿನ ಕೊಳದಲ್ಲಿ ಪಿಎಚ್ ಸತತವಾಗಿ ಏರುತ್ತಿರುತ್ತದೆ. ಕೋಶದಲ್ಲಿ ಹುಟ್ಟುವ ಸೋಡಿಯಂ ಹೈಡ್ರಾಕ್ಸೈಡ್ ಇದಕ್ಕೆ ಕಾರಣವೆಂದು ಹೇಳುವುದುಂಟು. ಆದರೆ ಕ್ಲೋರಿನ್ ತನ್ನ ಕೆಲಸ ಮುಗಿಸುವಾಗ ಉಂಟಾಗುವ ಆಮ್ಲವು ಆ ಕ್ಷಾರವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೊರಹೋಗುವುದೇ ಏರಿಕೆಯ ಮುಖ್ಯ ಕಾರಣ. ಹೈಡ್ರೋಜನ್ ಗುಳ್ಳೆಗಳು ನೀರನ್ನು ಕಲಕಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಕ್ಷಾರೀಯತೆ ಹೆಚ್ಚಿದಷ್ಟೂ ಪಿಎಚ್ ಬೇಗ ಏರುತ್ತದೆ. ಆದ್ದರಿಂದಲೇ ಸಾಮಾನ್ಯ ಕೊಳಗಳಿಗೆ ಹೇಳಲಾಗುವ 80–120ಕ್ಕಿಂತ ಇಲ್ಲಿ ಕ್ಷಾರೀಯತೆಯನ್ನು ಕಡಿಮೆ ಇಡಲಾಗುತ್ತದೆ.

ಸ್ಥಿರಕಾರಕವಿಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಮುಕ್ತ ಕ್ಲೋರಿನ್ನಿನ ಸುಮಾರು ಅರ್ಧಭಾಗ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ; ಪಿಎಚ್ 8 ಆದಾಗ ಅದು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಅಂದರೆ ಕ್ಲೋರಿನ್ನಿನ ಅಳತೆ ಬದಲಾಗದಿದ್ದರೂ ಅದರ ಬಲ ಕುಂದಬಹುದು. ಏರಿದ ಪಿಎಚ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಇಳಿಸಲಾಗುತ್ತದೆ. ಆಮ್ಲವು ಕ್ಷಾರೀಯತೆಯನ್ನೂ ಇಳಿಸುವುದರಿಂದ, ಅದು ಮಿತಿಗಿಂತ ಕೆಳಗಿಳಿದಾಗ ಅಡುಗೆ ಸೋಡ ಸೇರಿಸಬೇಕಾಗುತ್ತದೆ.

ಸ್ಥಿರಕಾರಕ

ಬಿಸಿಲಿನ ನೇರಳಾತೀತ ಕಿರಣಗಳು ಕ್ಲೋರಿನ್ನಿನ ಬಹುಪಾಲನ್ನು ಕೆಲವೇ ಗಂಟೆಗಳಲ್ಲಿ ನಾಶಪಡಿಸುತ್ತವೆ. ಇದನ್ನು ತಡೆಯಲು ಬಳಸುವ ಸಯನ್ಯೂರಿಕ್ ಆಮ್ಲವು ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡು ರಕ್ಷಿಸುತ್ತದೆ. ಅದೇ ಕಾರಣದಿಂದ ಅದರ ವೇಗವನ್ನೂ ತಗ್ಗಿಸುತ್ತದೆ. ಸ್ಥಿರಕಾರಕವಿರುವ ಕೊಳದಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ 2 ಮಿಲಿಗ್ರಾಂ ಇರಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರಗಳ ಸಲಹೆ. ಸ್ಥಿರಕಾರಕ ಹೆಚ್ಚಿದಂತೆ ಕ್ಲೋರಿನ್ನನ್ನೂ ಹೆಚ್ಚಿಸಬೇಕು. ಟ್ರೈಕ್ಲೋರ್ ಮಾತ್ರೆಗಳಲ್ಲಿ ಸಯನ್ಯೂರಿಕ್ ಆಮ್ಲವೂ ಇರುವುದರಿಂದ, ಅವುಗಳನ್ನು ಪದೇ ಪದೇ ಬಳಸಿದರೆ ಅದು ನೀರಿನಲ್ಲಿ ಶೇಖರವಾಗುತ್ತದೆ.

ಗಡಸುತನ

ಕ್ಯಾಲ್ಸಿಯಂ ತೀರ ಕಡಿಮೆಯಿರುವ ನೀರು ಸಿಮೆಂಟ್ ಗಾರೆಯನ್ನು ಕರಗಿಸುತ್ತದೆ. ಹೆಚ್ಚಿರುವ ನೀರು ಕೋಶದ ಫಲಕಗಳ ಮೇಲೆ ಬಿಳಿಯ ಸುಣ್ಣದ ಪೊರೆ ಕಟ್ಟುತ್ತದೆ. ಪಿಎಚ್, ಉಷ್ಣತೆ, ಕ್ಷಾರೀಯತೆ ಮತ್ತು ಕ್ಯಾಲ್ಸಿಯಂಗಳನ್ನು ಒಟ್ಟಾಗಿ ನೋಡಿ ಇದನ್ನು ಅಂದಾಜಿಸುವ ಸೂಚ್ಯಂಕವನ್ನು ಲ್ಯಾಂಗೆಲಿಯರ್ 1936ರಲ್ಲಿ ರೂಪಿಸಿದರು. ಸೂಚ್ಯಂಕವು ಸೊನ್ನೆಯ ಆಸುಪಾಸಿನಲ್ಲಿದ್ದರೆ ನೀರು ಸಮತೋಲನದಲ್ಲಿದೆಯೆಂದು ಅರ್ಥ. ಆವಿಯಾದ ನೀರಿನ ಬದಲಿಗೆ ಗಡಸಾದ ಕೊಳವೆಬಾವಿಯ ನೀರನ್ನು ತುಂಬುತ್ತ ಹೋದರೆ ಕ್ಯಾಲ್ಸಿಯಂ ವರ್ಷದಿಂದ ವರ್ಷಕ್ಕೆ ಏರುತ್ತದೆ.

ಪ್ರಮಾಣಗಳ ಲೆಕ್ಕ

50,000 ಲೀಟರ್ ನೀರು ಹಿಡಿಯುವ ಕೊಳದಲ್ಲಿ ಉಪ್ಪನ್ನು 2,400ರಿಂದ 3,200ಕ್ಕೆ ಏರಿಸಬೇಕಾದರೆ ಲೀಟರಿಗೆ 800 ಮಿಲಿಗ್ರಾಂನಂತೆ 40 ಕಿಲೋಗ್ರಾಂ ಉಪ್ಪು ಬೇಕು. ಕ್ಷಾರೀಯತೆಯನ್ನು 10ರಷ್ಟು ಏರಿಸಲು ಸುಮಾರು 850 ಗ್ರಾಂ ಅಡುಗೆ ಸೋಡ ಬೇಕು. ಅಯೋಡಿನ್ ಮತ್ತು ಗಂಟುಕಟ್ಟದಂತೆ ತಡೆಯುವ ಪದಾರ್ಥಗಳಿಲ್ಲದ ಶುದ್ಧ ಉಪ್ಪನ್ನೇ ಬಳಸಬೇಕು. ಪ್ರತಿ ಬಾರಿಯೂ ಲೆಕ್ಕಕ್ಕಿಂತ ತುಸು ಕಡಿಮೆ ಹಾಕಿ, ಪಂಪು ನಡೆಸಿ, ಮತ್ತೆ ಅಳೆಯುವುದು ಕ್ಷೇಮ. ಉಪ್ಪಾಗಲಿ ಸಯನ್ಯೂರಿಕ್ ಆಮ್ಲವಾಗಲಿ ಮಿತಿಮೀರಿದರೆ, ನೀರನ್ನು ಭಾಗಶಃ ಬದಲಿಸುವುದೇ ಮನೆಮಟ್ಟದಲ್ಲಿರುವ ಉಪಾಯ. ಸಯನ್ಯೂರಿಕ್ ಆಮ್ಲವನ್ನು 120ರಿಂದ 80ಕ್ಕೆ ತರಲು ಇದೇ ಕೊಳದ ಮೂರನೆಯ ಒಂದು ಭಾಗವನ್ನು, ಅಂದರೆ ಸುಮಾರು 16,700 ಲೀಟರ್ ನೀರನ್ನು ಹೊರಚೆಲ್ಲಬೇಕಾಗುತ್ತದೆ.

ಸುರಕ್ಷತೆ

ಆಮ್ಲ ಮತ್ತು ಕ್ಲೋರಿನ್ ಪುಡಿ ಅಥವಾ ದ್ರಾವಣಗಳನ್ನು ಎಂದಿಗೂ ಒಂದೇ ಪಾತ್ರೆಯಲ್ಲಿ ಬೆರೆಸಬಾರದು. ಹಾಗೆ ಮಾಡಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಬರುತ್ತದೆ. ಆಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ಕೈಗವಸು ಮತ್ತು ಕನ್ನಡಕ ಅಗತ್ಯ. ಕೋಶದಲ್ಲಿ ನೀರು ಹರಿಯದಿರುವಾಗ ಯಂತ್ರ ಚಾಲನೆಯಲ್ಲಿದ್ದರೆ ಹೈಡ್ರೋಜನ್ ಶೇಖರವಾಗಿ ಸ್ಫೋಟವಾಗುವ ಅಪಾಯವಿದೆ. ನೀರಿನ ಹರಿವನ್ನು ಗುರುತಿಸುವ ಸ್ವಿಚ್ಚನ್ನು ಈ ಕಾರಣಕ್ಕಾಗಿಯೇ ಅಳವಡಿಸಲಾಗಿರುತ್ತದೆ.

ನೀರಿನ ಬಳಕೆ ಮತ್ತು ವಿಲೇವಾರಿ

ಕೊಳದಿಂದ ಹೊರತೆಗೆದ ಉಪ್ಪುನೀರು ಗಿಡಮರಗಳಿಗೂ ಮಣ್ಣಿನ ಗುಣಕ್ಕೂ ಹಾನಿಕರ. ಅದನ್ನು ತೋಟಕ್ಕೆ, ಕೆರೆಗೆ ಅಥವಾ ಇಂಗುಗುಂಡಿಗೆ ಬಿಡಬಾರದು. ನೀರಿನ ಅಭಾವವಿರುವ ಊರುಗಳಲ್ಲಿ ಹೊಸ ನೀರು ತುಂಬುವುದೂ ಸುಲಭವಲ್ಲ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಉಪ್ಪು ಮತ್ತು ಸ್ಥಿರಕಾರಕಗಳನ್ನು ಮೊದಲಿನಿಂದಲೇ ಅಳೆದು ಹಾಕಿದರೆ ಕೊಳದ ನೀರನ್ನು ಹೊರಚೆಲ್ಲುವ ಸಂದರ್ಭಗಳು ವಿರಳವಾಗುತ್ತವೆ.