ಮೆಟಚೆನ್ ಮಸ್ಟಾಂಗ್ ಮತ್ತು ಎಣ್ಣೆ ನೋಡುವ ಕಡ್ಡಿ

ನಮ್ಮ ಮಾನ್ಮತ್ ಜಂಕ್ಷನ್‌ನಿಂದ ರೂಟ್ 1 ಹಿಡಿದು ಉತ್ತರಕ್ಕೆ ಹೊರಟು ಎಡಿಸನ್ ತಲುಪಿದರೆ, ಇಂದು ದೊಡ್ಡ ದೊಡ್ಡ ಅಂಗಡಿಗಳು ನಿಂತಿರುವ ಒಂದು ವಿಶಾಲ ಜಾಗ ಸಿಗುತ್ತದೆ. ದಿನಸಿಗೆಂದು ಓಕ್ ಟ್ರೀ ರಸ್ತೆಗೆ ಹೋಗುವ ನಮ್ಮವರಲ್ಲಿ ಎಷ್ಟೋ ಜನ ಅದರ ಸುತ್ತಮುತ್ತ ಸಾವಿರ ಸಲ ಓಡಾಡಿರುತ್ತಾರೆ. 1948ರಿಂದ 2004ರವರೆಗೆ ಅಲ್ಲಿ ಇದ್ದದ್ದು ಫೋರ್ಡ್ ಕಂಪನಿಯ ಕಾರು ಜೋಡಿಸುವ ಕಾರ್ಖಾನೆ. ಊರು ಎಡಿಸನ್ ಆದರೂ ಕಾರ್ಖಾನೆಯನ್ನು ಕರೆಯುತ್ತಿದ್ದದ್ದು ಪಕ್ಕದ ಮೆಟಚೆನ್ ಹೆಸರಿನಿಂದ. ಕಾರ್ಖಾನೆ ಶುರುವಾದಾಗ ಎಡಿಸನ್ ಎಂಬ ಹೆಸರೇ ಇರಲಿಲ್ಲವೆನ್ನಿ. ರ್‍ಯಾರಿಟನ್ ಟೌನ್‌ಶಿಪ್ ಎಂದಿದ್ದದ್ದು ಎಡಿಸನ್ ಆದದ್ದು 1954ರಲ್ಲಿ.

ಈ ಕಾರ್ಖಾನೆಯಿಂದ ಹೊರಬಿದ್ದ ಗಾಡಿಗಳಲ್ಲಿ ಹೆಸರು ಮಾಡಿದ್ದು ಮಸ್ಟಾಂಗ್. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅದನ್ನು ಜನರ ಮುಂದಿಟ್ಟರು. ಎರಡು ವರ್ಷ ತುಂಬುವಷ್ಟರಲ್ಲಿ ಹತ್ತು ಲಕ್ಷ ಕಾರುಗಳು ತಯಾರಾದವು. ಡಿಯರ್‌ಬಾರ್ನ್ ಒಂದರಿಂದಲೇ ಪೂರೈಸಲಾಗದೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲೂ, 1965ರಲ್ಲಿ ನಮ್ಮ ಮೆಟಚೆನ್‌ನಲ್ಲೂ ಮಸ್ಟಾಂಗ್ ಕೆಲಸ ಆರಂಭವಾಯಿತು. ಎಂಜಿನ್ ಪಕ್ಕದ ತಗಡಿನ ಮೇಲೆ ಒತ್ತಿರುವ ನಂಬರಿನಲ್ಲಿ ಎರಡನೆಯ ಅಕ್ಷರ 'ಟಿ' ಇದ್ದರೆ ಆ ಕಾರು ನಮ್ಮ ಕೌಂಟಿಯಲ್ಲೇ ಹುಟ್ಟಿದ್ದು ಎಂದು ಅರ್ಥ. 'ಎಫ್' ಡಿಯರ್‌ಬಾರ್ನ್, 'ಆರ್' ಸ್ಯಾನ್ ಹೋಸೆ. ಅದೇ 1965ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದ್ದು, ನಮ್ಮ ಹಿರಿಯರು ಈ ಕಡೆಗೆ ಬರಲು ಬಾಗಿಲು ತೆರೆದದ್ದು. ಕಾರೂ ನಾವೂ ಈ ಕೌಂಟಿಗೆ ಒಂದೇ ಕಾಲದವರು!

ಅರವತ್ತು ವರ್ಷ ಕಳೆದಿದೆ. ಆ ಕಾರುಗಳಲ್ಲಿ ಉಳಿದವುಗಳ ಮೈ ತುಕ್ಕು ಕೆರೆದು, ಬಣ್ಣ ಬಳಿದು ಸರಿಮಾಡಬಹುದು. ಎಂಜಿನ್ ಸತ್ತಿದ್ದರೆ ಅನೇಕರು ಮಾಡುವುದೇನೆಂದರೆ, 1987ರಿಂದ 1993ರವರೆಗಿನ ಮಸ್ಟಾಂಗ್‌ನ 5.0 ಲೀಟರ್ ಎಂಜಿನ್ ತಂದು ಕೂರಿಸುವುದು. ಇದು ಪರದೇಶಿಯಲ್ಲ, ಅದೇ ವಂಶದ್ದು. 1968ರಲ್ಲಿ ಬಂದ 302 ಘನ ಅಂಗುಲದ ವಿ-8 ಎಂಜಿನ್ನೇ ಮುಂದೆ 5.0 ಎನಿಸಿಕೊಂಡಿತು. ಹಾಗಾಗಿ ಸಲೀಸಾಗಿ ಕೂತುಬಿಡುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ತಗಾದೆ ತೆಗೆಯುವುದು ಎಲ್ಲಕ್ಕಿಂತ ಅಗ್ಗದ ಒಂದು ಸಾಮಾನು: ಎಣ್ಣೆ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್.

ಈ ಕಡ್ಡಿಗೂ ಒಂದು ಚರಿತ್ರೆ ಉಂಟು. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿಗೆ ಡಿಪ್‌ಸ್ಟಿಕ್ಕೇ ಇರಲಿಲ್ಲ. ಎಂಜಿನ್ ಕೆಳಗೆ, ಹಿಂಭಾಗದಲ್ಲಿ, ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳು. ಒಡೆಯ ಗಾಡಿಯಡಿ ತೆವಳಿ ಮೇಲಿನ ನಲ್ಲಿ ತಿರುಗಿಸಬೇಕು. ಎಣ್ಣೆ ಬಂದರೆ ತುಂಬಿದೆ. ಬಾರದಿದ್ದರೆ ಕೆಳಗಿನದನ್ನು ತಿರುಗಿಸಬೇಕು. ಅದರಲ್ಲೂ ಬಾರದಿದ್ದರೆ ಗಾಡಿಯನ್ನು ಕದಲಿಸಬಾರದು. ಇಲ್ಲಿನ ಚಳಿಗಾಲದಲ್ಲಿ, ಹಿಮದ ಮೇಲೆ ಬೆನ್ನು ಹಾಸಿ ಮಲಗಿ ಈ ಸೇವೆ ಮಾಡಿದವರನ್ನು ನೆನೆಯಿರಿ. ಹಡ್ಸನ್ ದಂಡೆಯ ಎಡ್ಜ್‌ವಾಟರ್‌ನಲ್ಲೂ ಫೋರ್ಡ್ ಕಾರ್ಖಾನೆ ಇತ್ತು. 1930ರಲ್ಲಿ ಅಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಮಾಡೆಲ್ ಎ ಬಂದಿತ್ತು, ಅದರ ಎಂಜಿನ್ ಪಕ್ಕದಲ್ಲಿ ಎಳೆದು ನೋಡುವ ಕಡ್ಡಿಯೂ ಇತ್ತು.

ಮಸ್ಟಾಂಗ್ ಹುಟ್ಟಿದ್ದು ಫಾಲ್ಕನ್ ಎಂಬ ಸಾದಾ ಕಾರಿನ ತಳಹದಿಯ ಮೇಲೆ. ಅದರಲ್ಲಿ ಸ್ಟಿಯರಿಂಗ್ ರಾಡುಗಳು ಎಂಜಿನ್‌ನ ಹಿಂಭಾಗದ ಅಡಿಯಲ್ಲಿ ಅಡ್ಡ ಹಾಯುತ್ತವೆ. ಆದ್ದರಿಂದ ಆಯಿಲ್ ಪ್ಯಾನ್‌ನ ಆಳದ ಭಾಗ ಮುಂದಕ್ಕಿದೆ. (ಬೆಂಗಳೂರಿನ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು 'ಚೇಂಬರ್', ನನಗೂ ಅದೇ ಇಷ್ಟ.) ಚೇಂಬರ್ ಮುಂದಿದ್ದ ಮೇಲೆ ಕಡ್ಡಿಯೂ ಮುಂದೆ, ಟೈಮಿಂಗ್ ಚೈನಿನ ಮುಚ್ಚಳದಲ್ಲೇ ಒಂದು ತೂತು ಇಟ್ಟು ಅದರ ಮೂಲಕ ಇಳಿಬಿಟ್ಟರು.

1979ರಲ್ಲಿ ಮಸ್ಟಾಂಗ್‌ನ ತಳಹದಿಯೇ ಬದಲಾಯಿತು. 'ಫಾಕ್ಸ್' ಎಂದು ಕರೆಯುವ ಆ ಹೊಸ ಚೌಕಟ್ಟಿನಲ್ಲಿ ಸ್ಟಿಯರಿಂಗ್ ಮುಂದಕ್ಕೆ ಬಂತು. ಚೇಂಬರಿನ ದೊಡ್ಡ ಗುಂಡಿ ಹಿಂದಕ್ಕೆ ಸರಿಯಿತು, ಮುಂದೆ ಉಳಿದದ್ದು ಒಂದು ಚಿಕ್ಕ ಗುಂಡಿ. ಎಣ್ಣೆ ಹೋದ ಕಡೆ ಕಡ್ಡಿಯೂ ಹೋಗಬೇಕಲ್ಲ? 1987ರ ನಂತರದ ಎಂಜಿನ್‌ಗಳಲ್ಲಿ ಅದು ಬ್ಲಾಕಿನ ಪಕ್ಕದಿಂದ ಇಳಿಯುತ್ತದೆ, ಮುಂದಿನ ಮುಚ್ಚಳದಲ್ಲಿ ತೂತಿಲ್ಲ.

ಈಗ ಈ ಎಂಜಿನನ್ನು 1965ರ ಕಾರಿಗೆ ಇಳಿಸಿ ನೋಡಿ. ಹಿಂದಿನ ಗುಂಡಿ ಸ್ಟಿಯರಿಂಗ್ ರಾಡಿಗೆ ತಾಗುತ್ತದೆ. ಹಳೆಯ ಚೇಂಬರ್ ಹಾಕಬೇಕು. ಎಣ್ಣೆ ಹೀರುವ ಕೊಳವೆಯನ್ನೂ ಮುಂದಿನ ಗುಂಡಿ ಮುಟ್ಟುವಂಥದ್ದಕ್ಕೆ ಬದಲಿಸಬೇಕು. ಕಡ್ಡಿಗೆ ದಾರಿ ಬೇಕೆಂದರೆ ತೂತಿರುವ ಹಳೆಯ ಮುಚ್ಚಳ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ: ಫಾಕ್ಸ್ ಕಾರಿನ ಉದ್ದನೆಯ ಒಂಟಿ ಬೆಲ್ಟಿನಲ್ಲಿ ವಾಟರ್ ಪಂಪ್ ಉಲ್ಟಾ ತಿರುಗುತ್ತದೆ. ಹಳೆಯ ಬೆಲ್ಟು, ಪುಲ್ಲಿಗಳಿಗೆ ವಾಪಸಾಗುವವರು ಪಂಪನ್ನೂ ಬದಲಿಸದಿದ್ದರೆ ಎಂಜಿನ್ ಕುದಿಯುತ್ತದೆ. ನಮ್ಮೂರ ಕಡೆ ಹಳೇ ಮನೆಯ ಒಂದು ಹೆಂಚು ತೆಗೆಯಲು ಹೋಗಿ ಇಡೀ ಮಾಡನ್ನೇ ಇಳಿಸಿದ ಹಾಗಾಯಿತು. ಬ್ಲಾಕಿನ ಪಕ್ಕದಲ್ಲಿ ಉಳಿದ ಹಳೆಯ ಕಡ್ಡಿಯ ತೂತಿಗೂ ಬಿರಡೆ ಜಡಿಯಬೇಕು. ಮರೆತರೆ ಎಣ್ಣೆ ಹೊರಗೆ ಚಿಮ್ಮುತ್ತದೆ.

ಇನ್ನು ಗುರುತಿನ ವಿಷಯ. ಕಡ್ಡಿಯ ಮೇಲಿನ ಗೆರೆಗಳು ಅದರದೇ ಕೊಳವೆಯ ಎತ್ತರ, ಅದರದೇ ಚೇಂಬರಿನ ಆಳಕ್ಕೆ ಹಾಕಿದವು. ಬೇರೆ ಕೊಳವೆಗೆ ತೂರಿಸಿದರೆ ಅದು ಸುಳ್ಳು ಹೇಳುತ್ತದೆ, ಅದೂ ಧೈರ್ಯವಾಗಿ. ಎಣ್ಣೆ ಹೆಚ್ಚಾದರೆ ಕ್ರ್ಯಾಂಕು ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ಕಡಿಮೆಯಾದರೆ ತಿರುವಿನಲ್ಲಿ ಪಂಪು ಗಾಳಿ ಹೀರಿ ಬೇರಿಂಗ್ ಸುಡುತ್ತದೆ. ಉಪಾಯ ಸುಲಭ. ಕಾರು ಸಮತಟ್ಟಾದ ನೆಲದಲ್ಲಿರಲಿ. ಈ ಎಂಜಿನ್‌ಗೆ ಫಿಲ್ಟರ್ ಸೇರಿ ಸಾಮಾನ್ಯವಾಗಿ ಐದು ಕ್ವಾರ್ಟ್ ಎಣ್ಣೆ. ಮೊದಲು ನಾಲ್ಕನ್ನೇ ಅಳೆದು ಹಾಕಿ, ಫಿಲ್ಟರ್ ತುಂಬುವವರೆಗೆ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡಿ: ಎಣ್ಣೆ ಮುಟ್ಟಿದ ಜಾಗದಲ್ಲಿ ಒಂದು ಗೆರೆ. ಐದನೆಯದನ್ನೂ ಹಾಕಿ ಇನ್ನೊಂದು ಗೆರೆ. ಕೆಳಗಿನದು 'ಹಾಕು', ಮೇಲಿನದು 'ತುಂಬಿದೆ'.

ಇದೆಲ್ಲ ಅಮೆರಿಕದವರ ಶೋಕಿ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಪೆಟ್ರೋಲ್ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಕೂರಿಸುವ ವಿದ್ಯೆ ನಮ್ಮ ಗ್ಯಾರೇಜುಗಳಿಗೆ ಹೊಸದೇನಲ್ಲ; ಅಲ್ಲಿ ಅದು ಹೊಟ್ಟೆಪಾಡಿನ ಲೆಕ್ಕ, ಟ್ಯಾಕ್ಸಿಯವನಿಗೆ ಡೀಸೆಲ್ ಅಗ್ಗ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಮೈಗೆ 1990ರ ದಶಕದಲ್ಲಿ ಕಂಪನಿಯೇ ಇಸುಜು ಎಂಜಿನ್ ಹಾಕಿ ಮಾರಿತು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದನ್ನೇ ತಿರುಗುಮುರುಗಾಗಿ ಮಾಡಿತು: 1985ರಲ್ಲಿ ರೋವರ್‌ನ ಹೊಸ ಮೈಯೊಳಗೆ ತನ್ನ ಹಳೆಯ ವ್ಯಾನ್‌ಗಾರ್ಡ್ ವಂಶದ ಎಂಜಿನ್ ಇಟ್ಟು 'ಸ್ಟ್ಯಾಂಡರ್ಡ್ 2000' ಎಂದು ಹೆಸರಿಟ್ಟಿತು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು.

ಮೆಟಚೆನ್ ಕಾರ್ಖಾನೆಯಲ್ಲಿ ಮಸ್ಟಾಂಗ್ ನಿಂತಮೇಲೆ ಪಿಂಟೋ, ಎಸ್ಕಾರ್ಟ್, ಕೊನೆಗೆ ರೇಂಜರ್ ಟ್ರಕ್ಕು ಬಂದವು. ಮುಂದೆಂದಾದರೂ ಹಳೆಯ ಕಾರುಗಳ ಪ್ರದರ್ಶನಕ್ಕೆ ಹೋದಾಗ 'ಟಿ' ಅಕ್ಷರದ ಮಸ್ಟಾಂಗ್ ಕಂಡರೆ, ಒಡೆಯನ ಅಪ್ಪಣೆ ಕೇಳಿ ಬಾನೆಟ್ಟಿನ ಒಳಗೆ ಇಣುಕಿ ನೋಡಿ. ಕಡ್ಡಿ ಮುಂದಿನ ಮುಚ್ಚಳದಿಂದಲೇ ಇಳಿದಿದ್ದು, ಅದರ ಮೇಲೆ ಅರದಿಂದ ಉಜ್ಜಿದ ಎರಡು ಹೊಸ ಗೆರೆಗಳು ಕಂಡರೆ, ಎಂಜಿನ್ ಆ ಕಾರಿನೊಡನೆ ಹುಟ್ಟಿದ್ದೇ ಎಂದು ಕೇಳಿ. ಒಡೆಯ ಒಂದು ಗಂಟೆ ಮಾತು ನಿಲ್ಲಿಸಲಾರ.