ಕಾರಿನ ಶಾಕ್ ಅಬ್ಸಾರ್ಬರ್ ಬದಲಾವಣೆ

ಶಾಕ್ ಅಬ್ಸಾರ್ಬರ್ ಎಂಬುದು ವಾಹನದ ಸ್ಪ್ರಿಂಗುಗಳ ಕುಲುಕಾಟವನ್ನು ಬೇಗನೆ ಅಡಗಿಸುವ ಉಪಕರಣ. ಗ್ಯಾರೇಜುಗಳ ಆಡುಮಾತಿನಲ್ಲಿ ಇದನ್ನು ‘ಶಾಕಪ್’ ಎನ್ನುವುದುಂಟು. ಇಂದಿನ ಕಾರುಗಳಲ್ಲಿ ಸವೆದ ಶಾಕ್ ಅಬ್ಸಾರ್ಬರನ್ನು ಸಾಮಾನ್ಯವಾಗಿ ಬಿಚ್ಚಿ ದುರಸ್ತಿ ಮಾಡುವುದಿಲ್ಲ, ಹೊಸದನ್ನೇ ಜೋಡಿಸಲಾಗುತ್ತದೆ. ಹಲವು ಸಣ್ಣ ಕಾರುಗಳ ಹಿಂದಿನ ಜೋಡಿಯನ್ನು ಮನೆಯಂಗಳದಲ್ಲೇ ಬದಲಾಯಿಸಬಹುದು. ಮುಂದಿನ ಜೋಡಿಯಲ್ಲಿ ಒತ್ತಿದ ಸ್ಪ್ರಿಂಗ್ ಸೇರಿಕೊಂಡಿರುವುದರಿಂದ ಆ ಕೆಲಸ ಅಪಾಯಕಾರಿಯಾಗಿದ್ದು, ಅದಕ್ಕೆ ವಿಶೇಷ ಉಪಕರಣ ಬೇಕಾಗುತ್ತದೆ.

ಕಾರ್ಯತತ್ತ್ವ

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಅಲ್ಲ. ಚಕ್ರ ತಗ್ಗಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಬಳಿಕ ಅದನ್ನು ಹಿಂದಿರುಗಿಸುತ್ತದೆ. ತಡೆಯುವವರಿಲ್ಲದಿದ್ದರೆ ಈ ಏರಿಳಿತ ಬಹಳ ಹೊತ್ತು ಮುಂದುವರಿಯುತ್ತದೆ. ಶಾಕ್ ಅಬ್ಸಾರ್ಬರಿನ ಕೊಳವೆಯೊಳಗೆ ಪಿಸ್ಟನ್ ಚಲಿಸುವಾಗ ಎಣ್ಣೆಯು ಸಣ್ಣ ಕವಾಟಗಳ ಮೂಲಕ ನುಸುಳಬೇಕಾಗುತ್ತದೆ; ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಹೊರಹೋಗುತ್ತದೆ. ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿದ ಕೂಡಲೇ ಮುಟ್ಟಿದರೆ ಕೊಳವೆ ಬಿಸಿಯಾಗಿರುವುದು ಈ ಕಾರಣದಿಂದ. ಅನೇಕ ಮಾದರಿಗಳಲ್ಲಿ ಎಣ್ಣೆ ನೊರೆಗಟ್ಟದಂತೆ ನೈಟ್ರೋಜನ್ ಅನಿಲವನ್ನೂ ತುಂಬಿರುತ್ತಾರೆ.

ಭಾರತದಲ್ಲಿ ಗೇಬ್ರಿಯಲ್ ಇಂಡಿಯಾ ಸಂಸ್ಥೆಯು 1961ರಲ್ಲಿ ಸ್ಥಾಪನೆಯಾಗಿ ಶಾಕ್ ಅಬ್ಸಾರ್ಬರುಗಳನ್ನು ತಯಾರಿಸುತ್ತಾ ಬಂದಿದೆ. 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿನ ಮುಂಭಾಗದಲ್ಲಿದ್ದುದು ಸ್ಪ್ರಿಂಗ್ ಹಾಗೂ ಶಾಕ್ ಅಬ್ಸಾರ್ಬರುಗಳನ್ನು ಒಂದೇ ಕಂಬವಾಗಿ ಕೂಡಿಸಿದ ಮ್ಯಾಕ್‌ಫರ್ಸನ್ ಸ್ಟ್ರಟ್. ಇಂದು ಹೆಚ್ಚಿನ ಸಣ್ಣ ಕಾರುಗಳು ಇದೇ ವಿನ್ಯಾಸವನ್ನು ಅನುಸರಿಸುತ್ತವೆ.

ಹುಬ್ಬಳ್ಳಿ-ಧಾರವಾಡದ ರಸ್ತೆಗಳು

ಅವಳಿ ನಗರದ ಪೂರ್ವಕ್ಕೆ ಹುಬ್ಬಳ್ಳಿಯಿಂದ ನವಲಗುಂದ, ಅಣ್ಣಿಗೇರಿಗಳತ್ತ ಎರೆಭೂಮಿ ಹರಡಿದೆ. ಎರೆಮಣ್ಣಿನ ಜೇಡಿಯಂಶ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಆಳವಾಗಿ ಬಿರಿಯುತ್ತದೆ. ತಳಪಾಯವನ್ನು ಸರಿಯಾಗಿ ಹಾಕದ ಡಾಂಬರು ರಸ್ತೆ ಇದರೊಂದಿಗೆ ಏರಿಳಿದು ಅಲೆಯಲೆಯಾಗುತ್ತದೆ. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದ ಪಶ್ಚಿಮಕ್ಕೆ ಕೆಮ್ಮಣ್ಣು ಹೆಚ್ಚು. ಅಲ್ಲಿ ಈ ತೊಂದರೆ ಕಡಿಮೆ, ಆದರೆ ಮಳೆ ಹೆಚ್ಚು. ಅಲೆಯಂಥ ರಸ್ತೆ ಶಾಕ್ ಅಬ್ಸಾರ್ಬರಿಗೆ ಬಿಡುವು ಕೊಡುವುದಿಲ್ಲ.

ರಸ್ತೆ ಉಬ್ಬುಗಳು ಇನ್ನೊಂದು ಕಾರಣ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಸಾಮಾನ್ಯ ಉಬ್ಬು 3.7 ಮೀಟರ್ ಅಗಲ ಮತ್ತು 10 ಸೆಂ.ಮೀ. ಎತ್ತರವಿದ್ದು, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಓಣಿಗಳಲ್ಲಿ ಕಾಣಸಿಗುವ, ಒಂದು ಬುಟ್ಟಿ ಕಾಂಕ್ರೀಟು ಸುರಿದಂತಿರುವ ಗಿಡ್ಡ ಚೂಪು ಉಬ್ಬುಗಳಿಗೂ ಈ ಅಳತೆಗೂ ಸಂಬಂಧವಿಲ್ಲ.

ಸವೆತದ ಲಕ್ಷಣಗಳು

ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು ನೆಲೆನಿಲ್ಲಬೇಕು. ಎರಡು ಮೂರು ಬಾರಿ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸವೆದಿದೆ ಎನ್ನಬಹುದು. ತೂಗಾಡದಿದ್ದ ಮಾತ್ರಕ್ಕೆ ಅದು ಸುಸ್ಥಿತಿಯಲ್ಲಿದೆ ಎಂದಲ್ಲ. ಕೊಳವೆಯ ಮೇಲೆ ತೆಳುವಾದ ಎಣ್ಣೆಯ ಪಸೆ ಸಹಜ; ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬದಲಾವಣೆ ಅಗತ್ಯ. ಟೈರು ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಬಿದ್ದು ಸವೆಯುವುದು, ಬ್ರೇಕ್ ಒತ್ತಿದಾಗ ಮುಂಭಾಗ ಅತಿಯಾಗಿ ಬಾಗುವುದು ಇತರ ಸೂಚನೆಗಳು. ಇದನ್ನು ಕೇವಲ ಸುಖಪ್ರಯಾಣದ ಪ್ರಶ್ನೆಯೆಂದು ಭಾವಿಸುವುದು ತಪ್ಪು. ಚಕ್ರ ನೆಲಬಿಟ್ಟು ಪುಟಿಯುವ ಕ್ಷಣದಲ್ಲಿ ಬ್ರೇಕು ಕೆಲಸಕ್ಕೆ ಬಾರದು, ಹೀಗಾಗಿ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಹಿಂದಿನ ಜೋಡಿಯ ಬದಲಾವಣೆ

ಆಲ್ಟೊ, ಸ್ವಿಫ್ಟ್ ಮೊದಲಾದ ಕಾರುಗಳ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಹೀಗಾಗಿ ಸ್ಪ್ರಿಂಗನ್ನು ಮುಟ್ಟದೆ ಕೆಲಸ ಮುಗಿಸಬಹುದು. ಒಂದೇ ಬದಿಯದನ್ನು ಬದಲಾಯಿಸಿದರೆ ಎರಡು ಚಕ್ರಗಳ ವರ್ತನೆ ಬೇರೆಬೇರೆಯಾಗುವುದರಿಂದ ಎಡಬಲ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ರೂಢಿ.

ಮೊದಲ ಪ್ರಶ್ನೆ ನೆಲದ್ದು. ಮಳೆಯ ನಂತರದ ಎರೆಮಣ್ಣಿನ ಹಿತ್ತಿಲಿನಲ್ಲಿ ಜ್ಯಾಕ್ ಹುಗಿದುಹೋಗಿ ಓರೆಯಾಗುತ್ತದೆ. ಹಲಗೆ ಇಟ್ಟರೂ ನಂಬುವಂತಿಲ್ಲ. ಫರಸಿಕಲ್ಲು ಹಾಸಿದ ಅಂಗಳ ಗಟ್ಟಿಯಾಗಿ ಕಂಡರೂ ಕಲ್ಲಿನಡಿ ಪೊಳ್ಳಿದ್ದರೆ ಭಾರ ಒಂದೇ ಕಡೆ ಬಿದ್ದಾಗ ಬಿರಿಯಬಹುದು. ಸಮತಟ್ಟಾದ ಕಾಂಕ್ರೀಟು ನೆಲವೇ ಸೂಕ್ತ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆಗಳನ್ನು ಕೊಟ್ಟು, ಕಾರನ್ನು ಎತ್ತಿದ ಬಳಿಕ ತಯಾರಕರು ಸೂಚಿಸಿದ ಜಾಗದಲ್ಲಿ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಜ್ಯಾಕ್ ಎತ್ತುವುದಕ್ಕಷ್ಟೇ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆ, ಕಾಂಕ್ರೀಟು ಬ್ಲಾಕುಗಳು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ.

ಚಕ್ರ ಬಿಚ್ಚಿದ ಮೇಲೆ ಎರಡನೆಯ ಜ್ಯಾಕನ್ನು ಹಿಂದಿನ ಅಚ್ಚಿನ ಕೆಳಗೆ ಮೆಲ್ಲಗೆ ತಾಗಿಸಿಡುತ್ತಾರೆ. ಅಚ್ಚು ಕೆಳಗೆ ಜೋತುಬೀಳದಂತೆ ತಡೆಯುವುದು ಹಲವು ಕಾರುಗಳಲ್ಲಿ ಶಾಕ್ ಅಬ್ಸಾರ್ಬರೇ. ಅದನ್ನು ತೆಗೆದೊಡನೆ ಅಚ್ಚು ಕುಸಿದರೆ ಬ್ರೇಕ್ ಕೊಳವೆ ಎಳೆದು ಹರಿಯಬಹುದು, ಸ್ಪ್ರಿಂಗ್ ಜಾರಬಹುದು. ತುಕ್ಕು ಹಿಡಿದ ನಟ್‌ಗಳಿಗೆ ಹಿಂದಿನ ದಿನವೇ ಎಣ್ಣೆ ಸಿಂಪಡಿಸಿದ್ದರೆ ಪಾನಾ ಜಾರುವ ಪ್ರಸಂಗ ಕಡಿಮೆ. ಕೆಲವು ಮಾದರಿಗಳಲ್ಲಿ ಮೇಲ್ತುದಿಯ ನಟ್ ಡಿಕ್ಕಿಯ ಒಳಗಿನಿಂದ ಸಿಗುತ್ತದೆ.

ಹೊಸದನ್ನು ಜೋಡಿಸುವ ಮೊದಲು ನೆಟ್ಟಗೆ ಹಿಡಿದು ನಾಲ್ಕಾರು ಬಾರಿ ಕುಗ್ಗಿಸಿ ಹಿಗ್ಗಿಸಿದರೆ, ಅಡ್ಡಲಾಗಿ ಇಟ್ಟಿದ್ದಾಗ ಒಳಗೆ ಸೇರಿದ ಗಾಳಿ ತನ್ನ ಜಾಗಕ್ಕೆ ಸರಿಯುತ್ತದೆ. ಹೊಳೆಯುವ ದಂಡವನ್ನು ಇಕ್ಕಳದಿಂದ ಹಿಡಿಯಬಾರದು. ಗೀರು ಬಿದ್ದರೆ ಸೀಲು ಹರಿದು ಎಣ್ಣೆ ಸೋರುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕೊನೆಯ ಬಿಗಿತಕ್ಕೆ ತರುವುದು ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರ. ಚಕ್ರ ಜೋತಿರುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬಿಗಿತದ ಪ್ರಮಾಣ ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ತಯಾರಕರ ಕೈಪಿಡಿಯನ್ನೇ ಅನುಸರಿಸಬೇಕು.

ಮುಂದಿನ ಜೋಡಿ

ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಸ್ಪ್ರಿಂಗನ್ನು ಹಿಡಿದಿಟ್ಟಿರುವುದು ತುದಿಯ ಒಂದೇ ನಟ್. ಚಕ್ರ ಗಾಳಿಯಲ್ಲಿದ್ದರೂ ಸ್ಪ್ರಿಂಗ್ ಪೂರ್ತಿ ಸಡಿಲವಾಗಿರುವುದಿಲ್ಲ. ಅದನ್ನು ಕಂಪ್ರೆಸರ್ ಎಂಬ ಹಿಡಿಕೆಯಿಂದ ಕುಗ್ಗಿಸದೆ ನಟ್ ಬಿಚ್ಚಿದರೆ ಸ್ಪ್ರಿಂಗ್ ಹಾಗೂ ಮೇಲಿನ ಬಟ್ಟಲು ಗುಂಡಿನಂತೆ ಸಿಡಿಯುತ್ತವೆ. ಕೈ, ದವಡೆ ಮುರಿಯುವಷ್ಟು, ಜೀವಕ್ಕೇ ಎರವಾಗುವಷ್ಟು ಬಲ ಅದರಲ್ಲಿರುತ್ತದೆ. ಅಗ್ಗದ ಕಂಪ್ರೆಸರಿನ ಕೊಕ್ಕೆಗಳು ಜಾರುವುದೂ ಉಂಟು. ಮನೆಯಲ್ಲಿ ಕೆಲಸ ಮಾಡುವವರಿಗೆ ಸುರಕ್ಷಿತ ನಡುದಾರಿಯೊಂದಿದೆ: ತುದಿಯ ನಟ್ ಮುಟ್ಟದೆ ಇಡೀ ಸ್ಟ್ರಟ್ಟನ್ನು ಕಾರಿನಿಂದ ಇಳಿಸಿ, ಸ್ಪ್ರಿಂಗ್ ಬಿಚ್ಚುವ ಯಂತ್ರವಿರುವ ಗ್ಯಾರೇಜಿಗೆ ಒಯ್ದು ಹೊಸ ಕೊಳವೆಗೆ ಸ್ಪ್ರಿಂಗ್ ಕೂರಿಸಿಕೊಂಡು ಬರುವುದು. ಚಕ್ರದ ಗಂಟಿಗೆ ಸ್ಟ್ರಟ್ಟನ್ನು ಸೇರಿಸುವ ಬೋಲ್ಟುಗಳ ಸ್ಥಾನ ಸ್ವಲ್ಪ ಬದಲಾದರೂ ಚಕ್ರದ ಓರೆ ಬದಲಾಗುವುದರಿಂದ, ನಂತರ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ.

ಹಳೆಯ ಭಾಗಗಳು

ತೆಗೆದ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಮತ್ತು ಒತ್ತಡದ ಅನಿಲ ಉಳಿದಿರುತ್ತವೆ. ಅದನ್ನು ಗ್ಯಾಸ್ ಕಟರಿನಿಂದ ಕತ್ತರಿಸುವುದಾಗಲಿ, ಬೆಂಕಿಗೆ ಹಾಕುವುದಾಗಲಿ ಸಲ್ಲದು, ಕೊಳವೆ ಸಿಡಿಯಬಹುದು. ಗುಜರಿಗೆ ಕೊಡುವಾಗ ಒಳಗೆ ಅನಿಲವಿರುವುದನ್ನು ತಿಳಿಸಿ ಕೊಡಬೇಕು. ಸೋರಿದ ಎಣ್ಣೆಯನ್ನು ಮರದ ಹೊಟ್ಟಿನಿಂದ ಹೀರಿಸಿ ಪ್ರತ್ಯೇಕವಾಗಿ ಕೂಡಿಡಬೇಕೇ ಹೊರತು ಗಟಾರಿಗೆ ತೊಳೆದುಬಿಡಬಾರದು.