ಮೀನುಗಳ ಸಂಖ್ಯಾ ಮಾದರಿಗಳಲ್ಲಿ ಬಯಾಸ್

ಕಡಲಿನ ಮೀನುಗಳನ್ನು ನೇರವಾಗಿ ಎಣಿಸಲಾಗದು. ಹಿಡಿದ ಮೀನಿನ ತೂಕ, ವಯಸ್ಸು ಮತ್ತು ಸಮೀಕ್ಷೆಗಳಿಂದ ಕಂಪ್ಯೂಟರ್ ಮಾದರಿಗಳು ಅವುಗಳ ಸಂಖ್ಯೆಯನ್ನು ಅಂದಾಜಿಸುತ್ತವೆ. ಅಂದಾಜು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದರೆ ಅದು ಆಕಸ್ಮಿಕ ದೋಷ. ಸದಾ ಒಂದೇ ಕಡೆಗೆ ವಾಲಿದರೆ ಬಯಾಸ್. ಅದೇ ಬಗೆಯ ದತ್ತಾಂಶವನ್ನು ಎಷ್ಟು ಸುರಿದರೂ ಇದು ಹೋಗದು.

ಕುಖ್ಯಾತ ಉದಾಹರಣೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿಯ ಕಾಡ್ ಮೀನಿನದು. 1980ರ ದಶಕದಲ್ಲಿ ಅಲ್ಲಿನ ಲೆಕ್ಕಾಚಾರ ಟ್ರಾಲರ್‌ಗಳಿಗೆ ಸಿಕ್ಕ ಮೀನಿನ ಪ್ರಮಾಣವನ್ನೂ ನೆಚ್ಚಿಕೊಂಡಿತ್ತು. ಸಂಖ್ಯೆ ಇಳಿದರೂ ಉಳಿದ ಮೀನುಗಳು ಗುಂಪುಗೂಡಿದ್ದವು. ಟ್ರಾಲರ್‌ಗಳು ಆ ಗುಂಪುಗಳನ್ನೇ ಹುಡುಕಿ ಬಲೆ ಎಳೆದದ್ದರಿಂದ ಇಳಿಕೆ ಲೆಕ್ಕದಲ್ಲಿ ಕಾಣಲಿಲ್ಲ. ದಡದ ಬಳಿಯ ಸಣ್ಣ ಮೀನುಗಾರರು ಮೀನಿಲ್ಲವೆಂದು ದೂರುತ್ತಲೇ ಇದ್ದರು. ಮಾದರಿಗಿಂತ ಅವರ ಮಾತೇ ನಿಜಕ್ಕೆ ಹತ್ತಿರವಿತ್ತು. ಹೊಸ ದತ್ತಾಂಶ ಸೇರುತ್ತ ಹೋದಂತೆ ಹಳೆಯ ವರ್ಷಗಳ ಅಂದಾಜುಗಳೂ ಕೆಳಗಿಳಿದವು. ಇದು ಹಿನ್ನೋಟದ ಬಯಾಸ್. 1992ರ ಜುಲೈ 2ರಂದು ಸರ್ಕಾರ ಮೀನುಗಾರಿಕೆ ನಿಲ್ಲಿಸಿತು; ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು.

ಕೊನೆಯ ವರ್ಷಗಳ ದತ್ತಾಂಶವನ್ನು ಒಂದೊಂದಾಗಿ ತೆಗೆದು ಮಾದರಿಯನ್ನು ಮತ್ತೆ ಓಡಿಸಿದರೆ ಈ ವಾಲುವಿಕೆ ಬಯಲಾಗುತ್ತದೆ. ಅದರ ಪ್ರಚಲಿತ ಅಳತೆ ‘ಮೋನ್‌ನ ರೋ’, 1999ರದು. ಆದರೆ ಅದು ಸೊನ್ನೆ ಬಂದ ಮಾತ್ರಕ್ಕೆ ಮಾದರಿ ಸರಿಯೆಂದಲ್ಲ. ಇಂಥ ತಪ್ಪಿಗೆ ತೆರುವ ಬೆಲೆ ದೀರ್ಘ: ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1992ರ ಆ ನಿಷೇಧ ತೆರವಾದದ್ದು 2024ರಲ್ಲಿ, 18,000 ಟನ್ನುಗಳ ಮಿತಿಯೊಂದಿಗೆ.